ಐದೂವರೆ ಗಂಟೆಯ ತಪ್ಪು

ಕೆಂಗೇರಿ ಉಪನಗರದ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಪಾಠ ಹೇಳುವವನು ನಾನು. ನಮ್ಮ ಪ್ರಯೋಗಶಾಲೆಯ ಬಾಗಿಲು ಸಂಜೆ 5 ಗಂಟೆಗೆ ಮುಚ್ಚುತ್ತದೆ. ಬೀಗದ ಕೈ ಕಚೇರಿಯ ಗೂಡನ್ನು ಸೇರುತ್ತದೆ. ಹೀಗಿರುವಾಗ ಒಂದು ದಿನ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಯೋಗದ ದಾಖಲೆ ಪುಸ್ತಕವನ್ನು ನನ್ನ ಮುಂದಿಟ್ಟಳು. ಬಿಸಿನೀರು ಆರುವ ವೇಗವನ್ನು ಅಳೆದು, ಈ ವಿಷಯದಲ್ಲಿ ನ್ಯೂಟನ್ನನು ಹೇಳಿದ ನಿಯಮವನ್ನು ಪರೀಕ್ಷಿಸುವ ಪ್ರಯೋಗ ಅದು. ನೀರಿನಲ್ಲಿ ಇಳಿಬಿಟ್ಟ ಉಷ್ಣಸಂವೇದಿ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಗಣಕಯಂತ್ರಕ್ಕೆ ತಿಳಿಸುತ್ತದೆ. ಯಂತ್ರ ಅದನ್ನು ವೇಳೆಯೊಡನೆ ಸಾಲುಸಾಲಾಗಿ ಬರೆದಿಡುತ್ತದೆ. ಉಪಕರಣ ಒಂದೇ ಇರುವುದರಿಂದ ದಿನಕ್ಕೊಬ್ಬರು ಸರದಿಯ ಮೇಲೆ ಈ ಪ್ರಯೋಗವನ್ನು ಮಾಡುವರು.

ಮುದ್ರಿಸಿ ಅಂಟಿಸಿದ್ದ ಪಟ್ಟಿಯ ಮೊದಲ ಸಾಲಿನ ಮೇಲೆ ನನ್ನ ದೃಷ್ಟಿ ಬಿದ್ದಿತು. ಅಲ್ಲಿದ್ದ ವೇಳೆ ರಾತ್ರಿ 8 ಗಂಟೆ 42 ನಿಮಿಷ! ಬೀಗ ಹಾಕಿದ ಕೋಣೆಯಲ್ಲಿ ರಾತ್ರಿಯ ಹೊತ್ತು ಬಿಸಿನೀರು ಆರಿದ ಬಗೆ ಹೇಗೆ? ಮನೆಯಲ್ಲಿ ಕುಳಿತು ಅಂಕಿಗಳನ್ನು ಹೊಸೆದುಕೊಂಡು ಬಂದಿರಬೇಕೆಂದು ನಾನು ಎಣಿಸಿದೆ. "ಮಧ್ಯಾಹ್ನ ಮೂರು ಗಂಟೆಯ ಮೇಲೆ ಇಲ್ಲಿಯೇ ಮಾಡಿದೆ ಸರ್" ಎಂದು ಅವಳು ಎರಡು ಸಲ ಹೇಳಿದಳು. ಯಂತ್ರಕ್ಕೆ ಸುಳ್ಳಾಡಬೇಕಾದ ಪ್ರಯೋಜನವೇನೂ ಇಲ್ಲ, ವಿದ್ಯಾರ್ಥಿಗೆ ಇರಬಹುದು ಎಂಬ ತರ್ಕ ಆ ಹೊತ್ತಿಗೆ ನನಗೆ ಸಾಕಾಗಿದ್ದಿತು. "ಈ ಅಳತೆಗಳು ಪ್ರಯೋಗಶಾಲೆಯಲ್ಲಿ ತೆಗೆದವಲ್ಲ, ಅಂಗೀಕರಿಸಲಾಗದು" ಎಂದು ಕೆಂಪು ಶಾಯಿಯಲ್ಲಿ ಬರೆದುಬಿಟ್ಟೆ. ಹಾಗೆ ಬರೆದ ಪ್ರಯೋಗಕ್ಕೆ ಅಂಕಗಳಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಪುಟವನ್ನು ತೆರೆದವರೆಲ್ಲರ ಮುಂದೆ ಅವಳು ಸುಳ್ಳುಗಾತಿಯಾಗುವಳು.

ಮರುದಿನ ಬೆಳಗ್ಗೆ ಅದೇ ಯಂತ್ರವನ್ನು ನಾನೇ ಚಾಲನೆ ಮಾಡಿದೆ. ಗೋಡೆಯ ಗಡಿಯಾರದಲ್ಲಿ 10 ಗಂಟೆ 5 ನಿಮಿಷ. ಯಂತ್ರದ ತೆರೆಯ ಮೂಲೆಯಲ್ಲಿ ಮಧ್ಯಾಹ್ನ 3 ಗಂಟೆ 35 ನಿಮಿಷ. ಒಂದರಿಂದ ಮತ್ತೊಂದನ್ನು ಕಳೆದೆ: 5 ಗಂಟೆ 30 ನಿಮಿಷ, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಹಿಂದಿನ ದಿನದ ರಾತ್ರಿ 8-42ರಿಂದ ಇಷ್ಟನ್ನೇ ಕಳೆದರೆ ಉಳಿಯುವುದು ಮಧ್ಯಾಹ್ನ 3-12. ಅವಳು ಹೇಳಿದ ವೇಳೆ ಅದೇ.

ಕೆಟ್ಟ ಗಡಿಯಾರ ಹೀಗೆ ನೇರ್ಪಾಗಿ ಕೆಡುವುದಿಲ್ಲ. ನಿಂತುಹೋದ ಗಡಿಯಾರದ ತಪ್ಪು ಯಾವ ಅಂಕಿಯಾದರೂ ಆಗಬಹುದು. ಐದೂವರೆ ಗಂಟೆಯ ಮೇಲೆ ಒಂದು ಸೆಕೆಂಡೂ ಆಚೀಚೆ ಹೋಗದ ತಪ್ಪು ಮಾತ್ರ ಆಕಸ್ಮಿಕವಾಗಿರಲಾರದು. ಗಡಿಯಾರ ಎಷ್ಟು ತಪ್ಪುತ್ತದೆ, ಹೇಗೆ ತಪ್ಪುತ್ತದೆ ಎಂಬುದನ್ನು ಗಮನವಿಟ್ಟು ನೋಡಿದರೆ ತಪ್ಪಿನ ಕಾರಣ ಅದರಲ್ಲಿಯೇ ಬರೆದಿರುತ್ತದೆ. ಅದನ್ನು ಓದುವ ಬಗೆಯನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಯಂತ್ರ, ಎರಡು ಗಡಿಯಾರ

ಗಣಕಯಂತ್ರದಲ್ಲಿ ಒಂದಲ್ಲ, ಎರಡು ಗಡಿಯಾರಗಳಿವೆ ಎಂಬುದನ್ನು ಅನೇಕರು ಅರಿಯರು. ಮೊದಲನೆಯದು ಯಂತ್ರ ಮಲಗಿರುವಾಗಲೂ ಎಚ್ಚರವಾಗಿರುವ ಗಡಿಯಾರ. ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಮೇಲೆ ಇದರ ವಾಸ. ಎರಡನೆಯದು ಯಂತ್ರ ಎದ್ದಮೇಲೆ ಮಾತ್ರ ನಡೆಯುವ ಗಡಿಯಾರ. ಇದು ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಇಟ್ಟುಕೊಳ್ಳುವ ಲೆಕ್ಕ. ತೆರೆಯ ಮೂಲೆಯಲ್ಲಿ ನಮಗೆ ಕಾಣುವುದು ಈ ಎರಡನೆಯದೇ. ಯಂತ್ರ ಎದ್ದೊಡನೆ ಎರಡನೆಯ ಗಡಿಯಾರ ಮೊದಲನೆಯದನ್ನು "ಈಗ ಗಂಟೆ ಎಷ್ಟು?" ಎಂದು ಒಮ್ಮೆ ಕೇಳಿಕೊಳ್ಳುತ್ತದೆ, ಅಲ್ಲಿಂದ ಮುಂದೆ ತನ್ನದೇ ಎಣಿಕೆಯಲ್ಲಿ ನಡೆಯುತ್ತದೆ. ಯಂತ್ರವನ್ನು ಚಾಲನೆ ಮಾಡಿದ ಕೂಡಲೆ ವೇಳೆ ತಪ್ಪಾಗಿ ಕಂಡರೆ, ಸಾಮಾನ್ಯವಾಗಿ ದೋಷವಿರುವುದು ಒಂದೋ ಉತ್ತರ ಹೇಳಿದ ಮೊದಲನೆಯ ಗಡಿಯಾರದಲ್ಲಿ, ಇಲ್ಲವೇ ಉತ್ತರವನ್ನು ಅರ್ಥಮಾಡಿಕೊಂಡ ಎರಡನೆಯದರಲ್ಲಿ.

ಮೊದಲನೆಯ ಗಡಿಯಾರದ ಹೃದಯ ಬೆಣಚುಕಲ್ಲಿನ ಒಂದು ಚಿಕ್ಕ ಚೂರು. ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಮೇಲ್ಮೈಯಲ್ಲಿ ವಿದ್ಯುತ್ತು ತೋರುವುದೆಂದು 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ ಕಂಡುಹಿಡಿದರು. ಇದು ತಿರುಗುಮುರುಗಾಗಿಯೂ ನಡೆಯುತ್ತದೆ: ವಿದ್ಯುತ್ತನ್ನು ಕೊಟ್ಟರೆ ಹರಳು ಬಾಗುತ್ತದೆ. ಈ ಗುಣವನ್ನು ಬಳಸಿ 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ತನ್ನ ಸಂಗಡಿಗನಾದ ಹಾರ್ಟನ್ನನೊಡನೆ ಮೊದಲ ಬೆಣಚುಕಲ್ಲಿನ ಗಡಿಯಾರವನ್ನು ಕಟ್ಟಿದನು. ಇಂದಿನ ಗಣಕಯಂತ್ರದಲ್ಲಿರುವ ಚೂರನ್ನು ಶ್ರುತಿಕವೆಯ ಆಕಾರದಲ್ಲಿ ಕೊರೆದಿರುತ್ತಾರೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆ? ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಇದು. ಕಂಪನಗಳನ್ನು ಹದಿನೈದು ಮೆಟ್ಟಿಲುಗಳಲ್ಲಿ ಪ್ರತಿಸಲವೂ ಅರ್ಧ ಮಾಡುತ್ತ ಬಂದರೆ ಕೊನೆಗೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಆ ಮಿಡಿತಗಳನ್ನು ಎಣಿಸುವುದೇ ಗಡಿಯಾರದ ಕೆಲಸ.

ಯಂತ್ರಕ್ಕೆ ಮನೆಯ ವಿದ್ಯುತ್ತು ಇಲ್ಲದಾಗ ಈ ಎಣಿಕೆ ನಿಲ್ಲದಂತೆ ನೋಡಿಕೊಳ್ಳುವುದು ಫಲಕದ ಮೇಲಿರುವ ನಾಣ್ಯದಾಕಾರದ ಒಂದು ವಿದ್ಯುತ್ಕೋಶ. ಸಾಮಾನ್ಯವಾಗಿ ಅದರ ಮೇಲೆ ಸಿಆರ್ 2032 ಎಂದು ಅಚ್ಚಾಗಿರುತ್ತದೆ. ಈ ಸಂಖ್ಯೆಯೂ ಅರ್ಥವಿಲ್ಲದ್ದಲ್ಲ: 20 ಎಂದರೆ ಮಿಲಿಮೀಟರುಗಳಲ್ಲಿ ಅಡ್ಡಗಲ, 32 ಎಂದರೆ ದಪ್ಪ 3.2 ಮಿಲಿಮೀಟರು. ಲೀಥಿಯಂ ಲೋಹದ ಈ ಕೋಶದ ಒತ್ತಡ 3 ವೋಲ್ಟು. ಶಕ್ತಿ ಸುಮಾರು 220 ಮಿಲಿಆಂಪಿಯರ್-ಗಂಟೆ. ಗಡಿಯಾರ 5 ಮೈಕ್ರೋಆಂಪಿಯರ್ ವಿದ್ಯುತ್ತನ್ನು ಹೀರುವುದಾದರೆ ಕೋಶ 44,000 ಗಂಟೆ, ಅಂದರೆ ಐದು ವರ್ಷ ಬಾಳುವುದೆಂದು ನೀವೇ ಲೆಕ್ಕ ಹಾಕಬಹುದು. ಯಂತ್ರಕ್ಕೆ ಮನೆಯ ವಿದ್ಯುತ್ತು ಬರುತ್ತಿರುವಷ್ಟು ಹೊತ್ತು ಕೋಶಕ್ಕೆ ಬಿಡುವು. ಆದುದರಿಂದ ಗುಂಡಿಯನ್ನು ಆರಿಸಿ ತಿಂಗಳುಗಟ್ಟಲೆ ಬಿಟ್ಟ ಯಂತ್ರದ ಕೋಶವೇ ಬೇಗ ಬರಿದಾಗುತ್ತದೆ.

ಊರಿನ ಹೆಸರಿಲ್ಲದ ಗಡಿಯಾರ

1981ರಲ್ಲಿ ಬಂದ ಐಬಿಎಂ ಪಿಸಿ ಯಂತ್ರದಲ್ಲಿ ಇಂಥ ಗಡಿಯಾರವಿರಲಿಲ್ಲ. ಪ್ರತಿಸಲ ಯಂತ್ರವನ್ನು ಎಬ್ಬಿಸಿದಾಗಲೂ ತಾರೀಖನ್ನೂ ವೇಳೆಯನ್ನೂ ಮನುಷ್ಯನೇ ಬೆರಳಚ್ಚಿಸಬೇಕಾಗಿದ್ದಿತು. ಬೆರಳಚ್ಚಿಸದಿದ್ದರೆ ಯಂತ್ರ 1980ರ ಜನವರಿ 1 ಎಂದು ತಿಳಿದುಕೊಂಡು ಕೆಲಸಕ್ಕೆ ತೊಡಗುತ್ತಿದ್ದಿತು. 1984ರಲ್ಲಿ ಬಂದ ಅದರ ಮುಂದಿನ ಪೀಳಿಗೆ, ಐಬಿಎಂ ಎಟಿ ಯಂತ್ರದಲ್ಲಿ, ಮೋಟೊರೋಲಾ ಕಂಪೆನಿಯ ಗಡಿಯಾರದ ಚಿಪ್ ಒಂದನ್ನು ವಿದ್ಯುತ್ಕೋಶದೊಡನೆ ಅಳವಡಿಸಿದರು. ಅದರಲ್ಲಿ 64 ಗೂಡುಗಳು. ಗಡಿಯಾರಕ್ಕೆ ಹತ್ತು ಗೂಡುಗಳು: ಸೆಕೆಂಡು, ನಿಮಿಷ, ಗಂಟೆ, ವಾರ, ತಾರೀಖು, ತಿಂಗಳು, ವರ್ಷ ಇವುಗಳಿಗೆ ಏಳು; ಎಚ್ಚರಿಕೆಯ ಗಂಟೆಗೆ ಮೂರು. ಹಿಡಿತಕ್ಕೆ ನಾಲ್ಕು ಗೂಡುಗಳು. ಉಳಿದ 50 ಯಂತ್ರದ ಇತರ ನೆನಪುಗಳಿಗೆ. ಅನಂತರ ಬಂದ ಯಂತ್ರಗಳು ಈ ಏರ್ಪಾಡನ್ನೇ ಅನುಸರಿಸಿ ಬೆಳೆದವು.

ಈ ಪಟ್ಟಿಯಲ್ಲಿ ಯಾವುದು ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗಂಟೆ ಮೂರು ಎಂದು ಬರೆಯಲು ಜಾಗವಿದೆ. ಅದು ಯಾವ ಊರಿನ ಮೂರು ಗಂಟೆ ಎಂದು ಬರೆಯಲು ಜಾಗವಿಲ್ಲ! ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರಾದಾಗ ಲಂಡನ್ನಿನ ಗ್ರೀನಿಚ್ ವೇಳೆ ಬೆಳಗಿನ ಒಂಬತ್ತೂವರೆ. ಗೂಡಿನಲ್ಲಿರುವ ಅಂಕಿ ಇವೆರಡರಲ್ಲಿ ಯಾವುದು ಎಂಬುದನ್ನು ಅಂಕಿಯೇ ಹೇಳಲಾರದು, ಓದುವವನು ಊಹಿಸಿಕೊಳ್ಳಬೇಕು.

ವಿಂಡೋಸ್ ವ್ಯವಸ್ಥೆಯ ಹಿರಿಯನಾದ ಡಾಸ್, ಒಬ್ಬನೇ ಮನುಷ್ಯ ಒಂದೇ ಊರಿನಲ್ಲಿ ಬಳಸುವ ಯಂತ್ರಕ್ಕಾಗಿ ಹುಟ್ಟಿದುದು. ಊರಿನ ವೇಳೆಯನ್ನೇ ಗೂಡಿನಲ್ಲಿಡುವ ವಾಡಿಕೆ ಅದರದು; ವಿಂಡೋಸ್ ಆ ವಾಡಿಕೆಯನ್ನು ಮುಂದುವರಿಸಿತು. ಯುನಿಕ್ಸ್ ಎಂಬ ವ್ಯವಸ್ಥೆ ಬೆಳೆದುದು ಒಂದೇ ಯಂತ್ರವನ್ನು ಅನೇಕರು ಹಂಚಿಕೊಳ್ಳುವ, ಯಂತ್ರಗಳು ದೂರದೂರಕ್ಕೆ ತಂತಿಯ ಮೂಲಕ ಮಾತನಾಡಿಕೊಳ್ಳುವ ಸ್ಥಳಗಳಲ್ಲಿ. ಎಲ್ಲರಿಗೂ ಸಮಾನವಾದ ಜಾಗತಿಕ ವೇಳೆಯನ್ನು ಒಳಗಿಟ್ಟುಕೊಂಡು, ತೋರಿಸುವಾಗ ಮಾತ್ರ ಊರಿನ ವೇಳೆಗೆ ಬದಲಾಯಿಸುವುದು ಅದರ ಪದ್ಧತಿ. ಅದರ ಮಾದರಿಯಲ್ಲಿ ಹುಟ್ಟಿದ ಲಿನಕ್ಸ್ ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತದೆ. ಎರಡು ಪದ್ಧತಿಗಳೂ ತಮ್ಮತಮ್ಮ ಮನೆಯಲ್ಲಿ ಸರಿ. ತೊಂದರೆ ಹುಟ್ಟುವುದು ಎರಡನ್ನೂ ಒಂದೇ ಯಂತ್ರದಲ್ಲಿ ಸ್ಥಾಪಿಸಿದಾಗ. ನಮ್ಮ ಪ್ರಯೋಗಶಾಲೆಯ ಯಂತ್ರ ಅಂಥದು: ಮುದ್ರಣದ ಕೆಲಸಕ್ಕೆ ವಿಂಡೋಸ್, ಪ್ರಯೋಗಗಳಿಗೆ ಲಿನಕ್ಸ್.

ಐದೂವರೆ ಗಂಟೆ ಎಲ್ಲಿಂದ ಬಂದಿತೆಂಬುದು ಈಗ ಸ್ಪಷ್ಟ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ವೇಳೆಗೆ ಆಧಾರವಾದ ರೇಖಾಂಶ ಪೂರ್ವಕ್ಕೆ 82½ ಡಿಗ್ರಿ; ಅದನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. 1906ರ ಜನವರಿ 1ರಿಂದ ಈ ವೇಳೆ ಜಾರಿಗೆ ಬಂದಿತು. ಕೆಂಗೇರಿ ಇರುವುದು ಸುಮಾರು 77½ ಡಿಗ್ರಿಯಲ್ಲಿ. ನಮ್ಮ ಊರಿನ ಸೂರ್ಯನನ್ನೇ ನಂಬಿ ಗಡಿಯಾರವಿಟ್ಟುಕೊಂಡಿದ್ದರೆ ಗ್ರೀನಿಚ್ಚಿಗೂ ನಮಗೂ ಅಂತರ 5 ಗಂಟೆ 10 ನಿಮಿಷವಾಗುತ್ತಿದ್ದಿತು. ಕೆಂಗೇರಿಯಲ್ಲಿ ಸೂರ್ಯ ನೆತ್ತಿಗೆ ಬರುವ ವೇಳೆ, ವರ್ಷದ ಸರಾಸರಿಯಲ್ಲಿ, 12 ಗಂಟೆ 20 ನಿಮಿಷ ಆಗಿರುವುದು ಇದರಿಂದಲೇ. ಇದೇ ಯಂತ್ರ ಕಾಠ್ಮಂಡುವಿನಲ್ಲಿದ್ದರೆ ತಪ್ಪು 5 ಗಂಟೆ 45 ನಿಮಿಷವಾಗುತ್ತಿದ್ದಿತು. ಲಂಡನ್ನಿನಲ್ಲಿದ್ದರೆ ಚಳಿಗಾಲವೆಲ್ಲ ತಪ್ಪು ಸೊನ್ನೆ. ಬೇಸಗೆಯಲ್ಲಿ ಅಲ್ಲಿನ ಜನ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕಿಟ್ಟಾಗ ಮಾತ್ರ ಅದು ಹೊರಬೀಳುತ್ತಿದ್ದಿತು.

ತಿದ್ದಿದವನು ಯಾರು?

ಕಾರಣವೇನೋ ತಿಳಿಯಿತು. ಆದರೆ ಆ ವಿದ್ಯಾರ್ಥಿನಿಗಿಂತ ಹಿಂದಿನವರ ಪಟ್ಟಿಗಳಲ್ಲೆಲ್ಲ ವೇಳೆ ಸರಿಯಾಗಿಯೇ ಇದ್ದಿತಲ್ಲ? ಅವಳ ದಿನ ಮಾತ್ರ ಏಕೆ ತಪ್ಪಿತು? ಯೋಚಿಸುತ್ತಿದ್ದಂತೆ ಆ ದಿನ ಬೆಳಗ್ಗೆ ನಡೆದುದು ನೆನಪಿಗೆ ಬಂದು ನನಗೆ ನಾಚಿಕೆಯಾಯಿತು.

ಹಿಂದಿನ ವಾರ ಲಿನಕ್ಸನ್ನು ಹೊಸದಾಗಿ ಸ್ಥಾಪಿಸಿ ವೇಳೆಯನ್ನು ಸರಿಪಡಿಸಿದ್ದೆವು. ಆಗ ಗೂಡಿನಲ್ಲಿ ಜಾಗತಿಕ ವೇಳೆ ಕುಳಿತಿತು. ಪ್ರಯೋಗ ನಡೆದ ದಿನ ಬೆಳಗ್ಗೆ 9 ಗಂಟೆ 40 ನಿಮಿಷಕ್ಕೆ ಪ್ರಶ್ನಪತ್ರಿಕೆಯೊಂದನ್ನು ಮುದ್ರಿಸಲು ನಾನು ವಿಂಡೋಸನ್ನು ತೆರೆದೆ. ಅದು ಗೂಡಿನಲ್ಲಿದ್ದ ಅಂಕಿಯನ್ನು ಊರಿನ ವೇಳೆಯೆಂದು ಓದಿ 4 ಗಂಟೆ 10 ನಿಮಿಷ ಎಂದು ತೋರಿಸಿತು. ಕೋಶ ಬರಿದಾಗಿರಬೇಕೆಂದುಕೊಂಡು, ಕೈಗಡಿಯಾರವನ್ನು ನೋಡಿ, ವೇಳೆಯನ್ನು 9-40ಕ್ಕೆ ತಿದ್ದಿ ನನ್ನ ಕೆಲಸಕ್ಕೆ ಹೋದೆ. ತಿದ್ದಿದ ಅಂಕಿ ಗೂಡನ್ನು ಸೇರಿತು. ಮಧ್ಯಾಹ್ನ 3-10ಕ್ಕೆ ಆ ಹುಡುಗಿ ಲಿನಕ್ಸನ್ನು ತೆರೆದಾಗ ಅದು ಗೂಡಿನಲ್ಲಿದ್ದ 3-10ನ್ನು ಜಾಗತಿಕ ವೇಳೆಯೆಂದು ತಿಳಿದು, ಅದಕ್ಕೆ ಐದೂವರೆ ಗಂಟೆಯನ್ನು ಕೂಡಿಸಿ, ರಾತ್ರಿ 8-40 ಎಂದು ತೋರಿಸಿತು. ಅಂಕಿಯನ್ನು ಹೊಸೆದವರು ಇದ್ದರೆ ಅದು ಅವಳಲ್ಲ, ನಾನು.

ಆದರೂ ಒಂದು ಊಹೆಯಿಂದ ಅವಳನ್ನು ತಪ್ಪಿತಸ್ಥಳೆಂದವನು ಇನ್ನೊಂದು ಊಹೆಯಿಂದ ಬಿಡುಗಡೆ ಮಾಡುವುದು ನ್ಯಾಯವಲ್ಲ. ಪರೀಕ್ಷೆ ಮಾಡಿಯೇ ತೀರಬೇಕು. ಅವಳನ್ನು ಕರೆಸಿ ಇಬ್ಬರೂ ಯಂತ್ರದ ಮುಂದೆ ಕುಳಿತೆವು. ಯಾವ ಕಾರ್ಯಾಚರಣ ವ್ಯವಸ್ಥೆಯೂ ಏಳುವ ಮೊದಲೇ ಫಲಕದ ಸಿದ್ಧತೆಯ ಪುಟವನ್ನು ತೆರೆದು ಗೂಡಿನ ಅಂಕಿಯನ್ನು ನೋಡಿದೆವು: ಗೋಡೆಯ ಗಡಿಯಾರದೊಡನೆ ಹೊಂದಿದ್ದಿತು. ಲಿನಕ್ಸನ್ನು ತೆರೆದೆವು: ಐದೂವರೆ ಗಂಟೆ ಮುಂದೆ. ಅಲ್ಲಿಯೇ ವೇಳೆಯನ್ನು ತಿದ್ದಿ, ಯಂತ್ರವನ್ನು ಆರಿಸಿ, ಮತ್ತೆ ಗೂಡನ್ನು ನೋಡಿದೆವು: ಈಗ ಐದೂವರೆ ಗಂಟೆ ಹಿಂದೆ. ವಿಂಡೋಸನ್ನು ತೆರೆದೆವು: ಅಲ್ಲಿಯೂ ಐದೂವರೆ ಗಂಟೆ ಹಿಂದೆ. ಅಲ್ಲಿ ತಿದ್ದಿದರೆ ಇಲ್ಲಿ ತಪ್ಪು, ಇಲ್ಲಿ ತಿದ್ದಿದರೆ ಅಲ್ಲಿ ತಪ್ಪು. ಎಷ್ಟು ಸಲ ಸುತ್ತಿದರೂ ಇದೇ ಕಥೆ. ಊಹೆ ಸ್ಥಿರಪಟ್ಟಿತು.

ಪರಿಹಾರ ಸುಲಭವಾದುದು: ಇಬ್ಬರೂ ಒಂದೇ ಪದ್ಧತಿಗೆ ಒಪ್ಪಬೇಕು. ಗೂಡಿನಲ್ಲಿರುವುದು ಊರಿನ ವೇಳೆ ಎಂದು ಲಿನಕ್ಸಿಗೆ ಒಂದು ಆಜ್ಞೆಯಿಂದ ತಿಳಿಸಬಹುದು. ಇಲ್ಲವೇ ವಿಂಡೋಸಿನ ರಿಜಿಸ್ಟ್ರಿ ಎಂಬ ನೋಂದಣಿಯಲ್ಲಿ, ಕಾಲವಲಯಕ್ಕೆ ಸಂಬಂಧಿಸಿದ ಭಾಗದಲ್ಲಿ, ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ನಮೂದನ್ನು ಸೇರಿಸಿ ಅದರ ಬೆಲೆಯನ್ನು 1 ಎಂದಿಟ್ಟರೆ ಅದೂ ಜಾಗತಿಕ ವೇಳೆಯನ್ನೇ ಓದುತ್ತದೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ನೋಂದಣಿಯನ್ನು ಮುಟ್ಟುವ ಮೊದಲು ಅದರ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದು ಕ್ಷೇಮ.

ತಪ್ಪಿನ ಲಕ್ಷಣಗಳು

ವೈದ್ಯನು ಜ್ವರದ ಏರಿಳಿತವನ್ನು ನೋಡಿ ರೋಗವನ್ನು ಗುರುತಿಸುವಂತೆ, ಗಡಿಯಾರದ ತಪ್ಪನ್ನು ನೋಡಿ ಕಾರಣವನ್ನು ಗುರುತಿಸಬಹುದು. ತಿದ್ದುವ ಮೊದಲು ಬರೆದುಕೊಳ್ಳಬೇಕು ಎಂಬುದೊಂದೇ ನಿಯಮ. ತಿದ್ದಿಬಿಟ್ಟರೆ ಲಕ್ಷಣ ಅಳಿಸಿಹೋಗುವುದು, ರೋಗ ಉಳಿಯುವುದು.

ತಪ್ಪು ಸರಿಯಾಗಿ ಐದೂವರೆ ಗಂಟೆಯಾದರೆ ಮೇಲೆ ಹೇಳಿದ ಅರ್ಥಭೇದವನ್ನು ಶಂಕಿಸಬೇಕು. ಸರಿಯಾಗಿ 12 ಗಂಟೆಯಾದರೆ ಹಗಲು ರಾತ್ರಿಗಳನ್ನು ಅದಲುಬದಲು ಮಾಡಿದ ಮನುಷ್ಯನ ಕೈವಾಡ. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ ಯಂತ್ರ ಅಮೆರಿಕದ ಪಶ್ಚಿಮ ತೀರದ ಕಾಲವಲಯದಲ್ಲಿದೆ. ಹೊಸ ಯಂತ್ರಗಳಲ್ಲಿ ವಲಯವನ್ನು ಆರಿಸುವುದನ್ನು ಮರೆತರೆ ಹೀಗಾಗುವುದುಂಟು.

ತಾರೀಖು ವರ್ಷಗಳಷ್ಟು ಹಿಂದಕ್ಕೆ ಹಾರಿ, ತಯಾರಕರು ಇಟ್ಟ ಆರಂಭದ ತಾರೀಖಿಗೆ ಹೋಗಿ ಕುಳಿತಿದ್ದರೆ ಕೋಶ ಬರಿದಾಗಿದೆ ಎನ್ನಬಹುದು. ಇದನ್ನು ಖಚಿತಪಡಿಸಿಕೊಳ್ಳುವುದು ಹೀಗೆ: ವೇಳೆಯನ್ನು ಸರಿಮಾಡಿ, ಗೋಡೆಯ ಗುಂಡಿಯನ್ನು ಆರಿಸದೆ ಯಂತ್ರವನ್ನು ಮಲಗಿಸಿ ಎಬ್ಬಿಸಿರಿ, ವೇಳೆ ಸರಿಯಾಗಿರುತ್ತದೆ. ಅನಂತರ ಗೋಡೆಯ ಗುಂಡಿಯನ್ನು ಆರಿಸಿ ಕೆಲವು ಗಂಟೆಗಳ ಮೇಲೆ ಎಬ್ಬಿಸಿರಿ. ವೇಳೆ ಹಾಳಾಗಿದ್ದರೆ ದೋಷ ಕೋಶದ್ದೇ. ಕೋಶವನ್ನು ಬದಲಿಸುವಾಗ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು. ಧನಧ್ರುವ ಯಾವ ಮುಖಕ್ಕಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ತೆಗೆದ ಕೋಶವನ್ನು ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ನುಂಗಿದರೆ ಅದು ಅನ್ನನಾಳವನ್ನು ಸುಟ್ಟು ಪ್ರಾಣಾಪಾಯವನ್ನು ತರಬಲ್ಲುದು.

ಯುನಿಕ್ಸ್ ಕುಲದ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆದುದರಿಂದ ಎಣಿಕೆ ಪೂರ್ತಿಯಾಗಿ ಅಳಿಸಿಹೋದ ಯಂತ್ರ ಭಾರತದಲ್ಲಿ 1970ರ ಜನವರಿ 1, ಬೆಳಗಿನ ಐದೂವರೆ ಎಂದು ತೋರಿಸುತ್ತದೆ. ಇಲ್ಲಿಯೂ ಅದೇ ಐದೂವರೆ!

ಇನ್ನು ತಪ್ಪು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಬೆಳೆಯುತ್ತಿದ್ದರೆ ಅದು ಹರಳಿನ ಸ್ವಭಾವ. ಸಾಮಾನ್ಯ ಹರಳುಗಳಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇರಬಹುದು. ದಿನಕ್ಕೆ 86,400 ಸೆಕೆಂಡುಗಳಾದುದರಿಂದ ಇದು ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು. ಈ ಬಗೆಯ ಹರಳು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿ ಕಂಪಿಸುತ್ತದೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಯಂತ್ರದ ಒಳಗೆ 45 ಡಿಗ್ರಿಯಾದರೆ ದಿನಕ್ಕೆ ಇನ್ನೂ ಸುಮಾರು 1.2 ಸೆಕೆಂಡು ಹಿಂದೆ ಬೀಳಬಹುದು.

ಭೌತವಿಜ್ಞಾನದ ವಿದ್ಯಾರ್ಥಿಗಳು ಈ ಎರಡು ಜಾತಿಯ ತಪ್ಪುಗಳನ್ನು ಬೇರೆ ಹೆಸರಿನಿಂದ ಬಲ್ಲರು. ಸ್ಕ್ರೂಗೇಜನ್ನು ಕೈಗೆ ಕೊಟ್ಟ ಮೊದಲ ದಿನವೇ "ಸೊನ್ನೆ ದೋಷವನ್ನು ನೋಡಿಕೊಳ್ಳಿರಿ" ಎಂದು ನಾವು ಹೇಳುವುದಿಲ್ಲವೆ? ಐದೂವರೆ ಗಂಟೆಯ ತಪ್ಪು ಸೊನ್ನೆ ದೋಷ. ಹರಳಿನದು ನಡಿಗೆಯ ದೋಷ. ಸೊನ್ನೆ ದೋಷವಿರುವ ಗಡಿಯಾರದಲ್ಲಿ ವೇಳೆ ತಪ್ಪಾದರೂ ಎರಡು ವೇಳೆಗಳ ನಡುವಣ ಅಂತರ ಸರಿಯಾಗಿಯೇ ಇರುತ್ತದೆ. ಆ ಹುಡುಗಿಯ ಪಟ್ಟಿಯಲ್ಲಿ ಅಳತೆಗಳ ನಡುವೆ ಸರಿಯಾಗಿ ಅರ್ಧರ್ಧ ನಿಮಿಷವೇ ಇದ್ದಿತು. ನೀರು ಆರಿದ ವೇಗದ ಲೆಕ್ಕಕ್ಕೆ ಯಾವ ಕುಂದೂ ಬಂದಿರಲಿಲ್ಲ. ವರ್ಷವರ್ಷವೂ ಸೊನ್ನೆ ದೋಷವನ್ನು ಪಾಠ ಹೇಳುವ ನಾನು ಗಡಿಯಾರದ ಸೊನ್ನೆಯನ್ನು ನೋಡಿರಲಿಲ್ಲ.

ದೂರದ ಗಡಿಯಾರವನ್ನು ಕೇಳುವುದು

ಅಂತರ್ಜಾಲದ ಸಂಪರ್ಕವಿರುವ ಯಂತ್ರಗಳಲ್ಲಿ ಇಂಥ ತಪ್ಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಪ್ರಯೋಗಶಾಲೆಯ ಯಂತ್ರಕ್ಕೆ ಆ ಸಂಪರ್ಕವಿರಲಿಲ್ಲ. ಸಂಪರ್ಕವಿದ್ದ ಯಂತ್ರ ದೂರದ ನಂಬಿಕೆಯ ಗಡಿಯಾರವೊಂದನ್ನು ಆಗಾಗ ವೇಳೆ ಕೇಳುತ್ತಿರುತ್ತದೆ. ಉತ್ತರ ಬರುವಷ್ಟರಲ್ಲಿ ವೇಳೆ ಕಳೆದಿರುವುದಲ್ಲ, ಅದಕ್ಕೇನು ಮಾಡುವುದು? ಇದಕ್ಕೆ ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ ಉಪಾಯ ಹೀಗಿದೆ. ನನ್ನ ಗಡಿಯಾರದಲ್ಲಿ ಸರಿಯಾಗಿ 10 ಗಂಟೆಗೆ ಪ್ರಶ್ನೆ ಹೊರಟು, 0.080 ಸೆಕೆಂಡಿನ ಮೇಲೆ ಉತ್ತರ ಬಂದಿತೆನ್ನೋಣ. ಹೋಗುವುದಕ್ಕೂ ಬರುವುದಕ್ಕೂ ಸಮನಾದ ಹೊತ್ತು ಹಿಡಿದಿದ್ದರೆ ದೂರದ ಗಡಿಯಾರ ಉತ್ತರ ಕೊಟ್ಟುದು ನನ್ನ ಲೆಕ್ಕದಲ್ಲಿ 10 ಗಂಟೆ 0.040 ಸೆಕೆಂಡಿಗೆ. ಉತ್ತರದಲ್ಲಿ 10 ಗಂಟೆ 2.040 ಸೆಕೆಂಡು ಎಂದಿದ್ದರೆ ನನ್ನ ಗಡಿಯಾರ 2 ಸೆಕೆಂಡು ಹಿಂದಿದೆ.

ಇದರ ಪ್ರಾಮುಖ್ಯ ಬರಿಯ ಅಂದಚಂದದ್ದಲ್ಲ. ಅಂತರ್ಜಾಲದ ಸುರಕ್ಷಿತ ತಾಣಗಳು ತಮ್ಮ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಗಳಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಸಲ್ಲುವುದೆಂದು ಬರೆದಿರುತ್ತದೆ. ಕೋಶ ಬರಿದಾಗಿ ಹತ್ತು ವರ್ಷ ಹಿಂದಕ್ಕೆ ಹೋದ ಯಂತ್ರಕ್ಕೆ ಇಂದಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟದವು. ಅದು ಅವುಗಳನ್ನು ನಂಬಲೊಪ್ಪದು. ಪರೀಕ್ಷೆಯ ಅರ್ಜಿಯನ್ನು ತುಂಬಲು ಕುಳಿತ ವಿದ್ಯಾರ್ಥಿಗೆ ತಾಣವೇ ತೆರೆಯದಿದ್ದರೆ ಮೊದಲು ತೆರೆಯ ಮೂಲೆಯ ತಾರೀಖನ್ನು ನೋಡಬೇಕು.

ಬ್ಯಾಲಾಳಿನ ಗಡಿಯಾರಗಳು

ನಮ್ಮ ಉಪನಗರದ ಪಶ್ಚಿಮಕ್ಕೆ, ಬೆಂಗಳೂರು ನಗರದಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಬ್ಯಾಲಾಳು ಎಂಬ ಹಳ್ಳಿಯಿದೆ. ಅಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ದೊಡ್ಡ ಆಂಟೆನಾಗಳಿರುವುದು ಅನೇಕರಿಗೆ ಗೊತ್ತು. 2013ರ ಮೇ 28ರಂದು ಅಲ್ಲಿಯೇ ಸಂಸ್ಥೆಯ ಪಥನಿರ್ದೇಶನ ಕೇಂದ್ರ ಆರಂಭವಾಯಿತು. ನಾವಿಕ್ ಎಂಬ ನಮ್ಮ ದೇಶದ ಉಪಗ್ರಹಗಳಿಗೆ ಬೇಕಾದ ವೇಳೆಯನ್ನು ಪರಮಾಣು ಗಡಿಯಾರಗಳ ಸಹಾಯದಿಂದ ಅಲ್ಲಿ ಕಾಪಾಡುತ್ತಾರೆ. ಈ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಿಂದ ವೇಳೆಯನ್ನು ಸಾರುತ್ತಿರುತ್ತವೆ. ಸಂಜ್ಞೆ ಬರಲು ಹಿಡಿದ ಹೊತ್ತಿನಿಂದ ನಾವು ದೂರವನ್ನೂ, ದೂರಗಳಿಂದ ನಮ್ಮ ಸ್ಥಾನವನ್ನೂ ಲೆಕ್ಕ ಹಾಕುತ್ತೇವೆ. ಬೆಳಕು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರು ಓಡುವುದರಿಂದ, ಗಡಿಯಾರದಲ್ಲಿ ಅಷ್ಟು ಅಲ್ಪ ತಪ್ಪಾದರೂ ದೂರದ ಲೆಕ್ಕದಲ್ಲಿ 300 ಮೀಟರಿನ ತಪ್ಪು ಬರುವುದು.

ಉಪಗ್ರಹದ ಗಡಿಯಾರವೂ ತಪ್ಪುತ್ತದೆ. ಆದರೆ ಪ್ರತಿಯೊಂದು ಸಣ್ಣ ತಪ್ಪಿಗೂ ಅದರ ಮುಳ್ಳನ್ನು ತಿರುಗಿಸಲು ಹೋಗುವುದಿಲ್ಲ. ನೆಲದ ಗಡಿಯಾರಗಳೊಡನೆ ಹೋಲಿಸಿ ತಪ್ಪನ್ನು ಅಳೆದು, ಅದನ್ನು ಮೂರು ಸಂಖ್ಯೆಗಳಾಗಿ ಉಪಗ್ರಹಕ್ಕೆ ಕಳುಹಿಸುತ್ತಾರೆ: ಸೊನ್ನೆ ದೋಷವೆಷ್ಟು, ನಡಿಗೆಯ ದೋಷವೆಷ್ಟು, ನಡಿಗೆ ಬದಲಾಗುತ್ತಿರುವ ವೇಗವೆಷ್ಟು. ಉಪಗ್ರಹ ತನ್ನ ವೇಳೆಯೊಡನೆ ಈ ಮೂರು ತಪ್ಪುಗಳನ್ನೂ ಎಲ್ಲರಿಗೂ ಸಾರಿ ಹೇಳುತ್ತದೆ, ಕೇಳಿದವನು ಕಳೆದುಕೊಳ್ಳುತ್ತಾನೆ. ತಪ್ಪನ್ನು ಅಳೆದು ಬಹಿರಂಗಪಡಿಸಿದರೆ ತಪ್ಪುವ ಗಡಿಯಾರವೂ ನಂಬಿಕೆಗೆ ಅರ್ಹವಾಗುವುದು.

ಗಡಿಯಾರವೇ ಕೈಕೊಟ್ಟರೆ ಮಾತ್ರ ಈ ಉಪಾಯ ನಡೆಯದು. 2013ರ ಜುಲೈ 1ರಂದು ಹಾರಿದ ಈ ಸರಣಿಯ ಮೊದಲ ಉಪಗ್ರಹದಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು. 2016ರಲ್ಲಿ ಮೂರೂ ಕೆಟ್ಟು ಆ ಉಪಗ್ರಹ ಸ್ಥಾನನಿರ್ಣಯಕ್ಕೆ ಬಾರದಾಯಿತು. ಅದರ ಬದಲಿಗೆ 2017ರ ಆಗಸ್ಟ್ 31ರಂದು ಕಳುಹಿಸಿದ ಉಪಗ್ರಹ, ರಾಕೆಟ್ಟಿನ ಶಾಖಕವಚ ಬಿಚ್ಚಿಕೊಳ್ಳದೆ ವ್ಯರ್ಥವಾಯಿತು. 2018ರ ಏಪ್ರಿಲ್ 12ರಂದು ಇನ್ನೊಂದನ್ನು ಹಾರಿಸಿದರು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಆಕಾಶಕ್ಕೇರಿತು.

ಬ್ಯಾಲಾಳಿನ ಈ ಪಾಠವನ್ನು ನಮ್ಮ ಪ್ರಯೋಗಶಾಲೆಗೂ ತಂದೆವು. ಈಗ ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರಯೋಗವನ್ನು ತೊಡಗುವ ಮೊದಲು ಯಂತ್ರದ ವೇಳೆಯನ್ನೂ ಗೋಡೆಯ ವೇಳೆಯನ್ನೂ ಅಕ್ಕಪಕ್ಕದಲ್ಲಿ ಬರೆದು, ಮೂರನೆಯ ಅಂಕಣದಲ್ಲಿ ಅಂತರವನ್ನು ನಮೂದಿಸುತ್ತಾನೆ. ಇದಕ್ಕೆ ಅರ್ಧ ನಿಮಿಷ ಸಾಕು. ವಾಚಕರೂ ತಮ್ಮ ಮನೆಯ ಯಂತ್ರದ ವೇಳೆಯನ್ನು ಹೀಗೆ ಒಂದು ತಿಂಗಳು ಬರೆದು ನೋಡಲಿ. ಅಂತರ್ಜಾಲದ ಸಹಾಯವಿಲ್ಲದ ಹಳೆಯ ಯಂತ್ರವಾದರೆ ಹರಳಿನ ನಡಿಗೆಯೇ ಕಣ್ಣಿಗೆ ಕಾಣುವುದು.

ಆ ವಿದ್ಯಾರ್ಥಿನಿಯ ದಾಖಲೆ ಪುಸ್ತಕದಲ್ಲಿ ನಾನು ಬರೆದಿದ್ದ ಕೆಂಪು ಸಾಲನ್ನು ಹೊಡೆದುಹಾಕಿದೆ. ಅದು ಓದಲು ಬರುವಂತೆಯೇ ಉಳಿಯಲೆಂದು ಒಂದೇ ಗೀಟು ಎಳೆದೆ. ತಪ್ಪಾದ ಅಳತೆಯನ್ನು ಅಳಿಸಬಾರದು, ಗೀಟು ಹಾಕಿ ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕೆಂದು ನಾವೇ ಕಲಿಸುತ್ತೇವೆ. ಅದರ ಕೆಳಗೆ "ಗಡಿಯಾರದ ಸೊನ್ನೆ ದೋಷ 5 ಗಂಟೆ 30 ನಿಮಿಷ ಮುಂದೆ, ದೋಷ ಅಧ್ಯಾಪಕರದು, ಪ್ರಯೋಗ ಸರಿಯಾಗಿದೆ" ಎಂದು ಬರೆದು ಸಹಿ ಮಾಡಿ, ತಾರೀಖನ್ನೂ ವೇಳೆಯನ್ನೂ ಹಾಕಿದೆ. ವೇಳೆಯನ್ನು ಹಾಕುವ ಮೊದಲು ಗೋಡೆಯ ಗಡಿಯಾರವನ್ನು ನೋಡಿಕೊಂಡೆ. ಅವಳೂ ನೋಡಿದಳು.